ತಲೆನೋವಿನ ಬೇರು ಕುತ್ತಿಗೆಯಲ್ಲಿದ್ದರೆ?

“ನಮಾಝಿನ್ಯಾಗ ಸಲಾಮ್ ಹೇಳುವಾಗ ಬಲಕ್ಕ ಕತ್ತು ತಿರುಗೂದ ಇಲ್ಲ ಆಪಾ. ತಿರುಗಿಸಿದ್ರ ಕುತ್ತಿಗಿಯಿಂದ ಕಣ್ಣಿನ ತನಕ ಸಳಕು ಹೊಡಿತೈತಿ.”

ಜಮಖಂಡಿ ತಾಲೂಕಿನ ಹುನ್ನೂರಿನ ಸಹೋದರಿಯೊಬ್ಬರ ಮಾತಿದು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಅವರಿಗೆ ಮೂರು ವರ್ಷಗಳಿಂದ ತಲೆಯ ಬಲಭಾಗದಲ್ಲಿ ನೋವು. ಕೆಲವರು ಪಿತ್ತವೆಂದರು, ದೃಷ್ಟಿ ತಾಗಿದೆ ಎಂದವರೂ ಇದ್ದರು. ಅಂಗಡಿಯ ಮಾತ್ರೆ ನಿತ್ಯದ ಊಟದಂತಾಯಿತು. ಕೊನೆಗೆ ಯಾರೋ ಮೊಬೈಲ್‌ನಲ್ಲಿ ವೀಡಿಯೋ ತೋರಿಸಿ, ಕುತ್ತಿಗೆಯನ್ನು ‘ಲಟಕ್’ ಎನಿಸಿ ಒಂದೇ ಕ್ಷಣದಲ್ಲಿ ಗುಣಪಡಿಸುತ್ತಾರೆ ಎಂದರು. “ಹೋಗಲೇನು?” ಎಂಬುದು ಅವರ ಪ್ರಶ್ನೆ.

ಕುತ್ತಿಗೆಯ ಮೇಲ್ಭಾಗದ ಮೂರು ನರಗಳು ಮತ್ತು ಹಣೆ, ಕಣ್ಣು, ಮುಖದ ನೋವನ್ನು ಒಯ್ಯುವ ನರ ಒಂದೇ ಕೇಂದ್ರದಲ್ಲಿ ಸೇರುತ್ತವೆ. ಆದ್ದರಿಂದ ಕುತ್ತಿಗೆಯ ಕೀಲಿನ ನೋವನ್ನು ಮಿದುಳು ಹಣೆಯ ನೋವೆಂದು ಭಾವಿಸುತ್ತದೆ. 1983ರಲ್ಲಿ ನಾರ್ವೆಯ ವೈದ್ಯ ಒಟ್ಟಾರ್ ಸ್ಯೋಸ್ತಾದ್ ಮತ್ತು ಸಂಗಡಿಗರು ಈ ತಲೆನೋವಿಗೆ ಪ್ರತ್ಯೇಕ ಹೆಸರು ಕೊಟ್ಟರು. ಸಾಮಾನ್ಯವಾಗಿ ಒಂದೇ ಬದಿಯ ನೋವು, ಕತ್ತು ತಿರುಗಿಸಿದಾಗ ಹೆಚ್ಚಾಗುವುದು, ಕತ್ತು ಪೂರ್ತಿ ತಿರುಗದಿರುವುದು ಇದರ ಗುರುತುಗಳು.

ಕೈಯಿಂದ ಬೆನ್ನೆಲುಬನ್ನು ಸರಿಪಡಿಸುವ ಕೈರೊಪ್ರಾಕ್ಟಿಕ್ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡಿ.ಡಿ. ಪಾಮರ್ ಆರಂಭಿಸಿದರು. ಅಲ್ಲಿ ಅದಕ್ಕೆ ಕಾಲೇಜುಗಳಿವೆ, ಪರವಾನಗಿ ಇದೆ. ನಮ್ಮ ದೇಶದ ಆಯುಷ್ ಪದ್ಧತಿಗಳಲ್ಲಿ ಅದು ಸೇರಿಲ್ಲ. ಹಾಗಾಗಿ ಬೋರ್ಡು ಹಾಕಿದವರೆಲ್ಲ ಕಲಿತವರೇ ಎಂದು ನಂಬುವಂತಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ತಿರುಚುವುದಂತೂ ಚಿಕಿತ್ಸೆಯೇ ಅಲ್ಲ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಎಲುಬುಗಳ ನಡುವೆಯೇ ಸಾಗುತ್ತವೆ. ರಭಸದ ತಿರುಚುವಿಕೆಯಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ತಗುಲಬಹುದು. ಇದು ಅಪರೂಪ. ಆದರೆ ಆದ ನಷ್ಟ ಜೀವನಪರ್ಯಂತ ಉಳಿಯಬಹುದು.

ಹಾಗಾದರೆ ಕೈಚಿಕಿತ್ಸೆಯೆಲ್ಲ ಸುಳ್ಳೇ? ಅಲ್ಲ. 2002ರಲ್ಲಿ ಆಸ್ಟ್ರೇಲಿಯಾದ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರು ಇಂತಹ 200 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಆರು ವಾರಗಳ ಕೈಚಿಕಿತ್ಸೆ ಮತ್ತು ಕುತ್ತಿಗೆಯ ವ್ಯಾಯಾಮ, ಎರಡರಿಂದಲೂ ನೋವು ತಗ್ಗಿತು. ಒಂದು ವರ್ಷದ ನಂತರವೂ ಪ್ರಯೋಜನ ಉಳಿದಿತ್ತು. ಅಂದರೆ ಕತ್ತಿಗೆ ರಭಸದ ತಿರುವು ಕೊಡದೆ, ವ್ಯಾಯಾಮದಿಂದಲೂ ಉಪಶಮನ ಸಾಧ್ಯ.

ನಮ್ಮ ಸಹೋದರಿ ಮೊದಲು ವೈದ್ಯರನ್ನು, ಅವರ ಸಲಹೆಯಂತೆ ಫಿಸಿಯೋಥೆರಪಿಸ್ಟರನ್ನು ಕಂಡರು. ತಿಂಗಳಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದೆಂದು ಅವರಿಗೆ ತಿಳಿದದ್ದು ಆಗಲೇ. ಯಂತ್ರದ ಮುಂದಿನ ಸ್ಟೂಲಿನ ಎತ್ತರ ಸರಿಪಡಿಸಿದರು. ಅರ್ಧ ಗಂಟೆಗೊಮ್ಮೆ ಎದ್ದು, ನೇರ ನಿಂತು, ಗದ್ದವನ್ನು ಮೆಲ್ಲನೆ ಹಿಂದಕ್ಕೆಳೆದು ಐದೆಣಿಸಿ ಬಿಡುವುದನ್ನು ರೂಢಿಸಿಕೊಂಡರು. ಎರಡು ತಿಂಗಳಾಯಿತು. ನೋವು ಪೂರ್ಣ ಹೋಗಿಲ್ಲ. ಆದರೆ ಈಗ ಎರಡೂ ಬದಿಗೆ ಸಲಾಮ್ ಹೇಳುತ್ತಾರೆ, ಅಲ್‌ಹಮ್ದುಲಿಲ್ಲಾಹ್.

ಕೆಲವು ತಲೆನೋವುಗಳಿಗೆ ಕಾಯಲೇಬಾರದು. ಸಿಡಿಲಿನಂತೆ ಹಠಾತ್ತನೆ ಬಂದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಬಿದ್ದ ಮೇಲಿನ ನೋವು, ಗರ್ಭಿಣಿಯರ ತೀವ್ರ ತಲೆನೋವು - ಇವಕ್ಕೆ ತಕ್ಷಣ ಆಸ್ಪತ್ರೆಯೇ ದಾರಿ.

ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ವೈದ್ಯ ತಿಳಿಯದೆ ಚಿಕಿತ್ಸೆಗಿಳಿದವನು ಅದರ ಹಾನಿಗೆ ಹೊಣೆಗಾರನೆಂದೂ ಎಚ್ಚರಿಸಿದ್ದಾರೆ. ಮೊದಲನೆಯದು ನಮಗೆ ಭರವಸೆ, ಎರಡನೆಯದು ವಿವೇಕ. ಮನೆಮಂದಿಯ ನೋವಿಗೆಲ್ಲ ಮದ್ದು ಅರೆಯುವ ಸಹೋದರಿಯರೇ, ನಿಮ್ಮ ದೇಹವೂ ಅಲ್ಲಾಹನ ಅಮಾನತ್ತು. ಅದರ ನೋವನ್ನು ನುಂಗಿ ಸುಮ್ಮನಿರುವುದು ಸಬ್ರ್ ಅಲ್ಲ.