ಮೈಮೇಲಿನ ಗಂಟು: ಶಸ್ತ್ರಕ್ಕೆ ಮುನ್ನ ಪರೀಕ್ಷೆ

ಚರ್ಮದಡಿಯಲ್ಲಿ ಕೈಗೆ ತಾಕುವ ಗಂಟೊಂದು ಕಾಣಿಸಿಕೊಂಡಾಗ ಕೆಲವರು ಅಂದೇ ಕ್ಯಾನ್ಸರೆಂದು ಕಂಗಾಲಾಗುತ್ತಾರೆ. ಬಹುಮಂದಿ ನೆರೆಯ ಮರಾಠಿ ಬಂಧುಗಳ ಮಾತಿನಲ್ಲೇ "ಚರಬೀಚಿ ಗಾಠ್, ನೋವೇನೂ ಇಲ್ಲ" ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಹೆಚ್ಚಿನ ಸಲ ಈ ಎರಡನೆಯವರ ಊಹೆಯೇ ನಿಜವಾಗುತ್ತದೆಯಾದರೂ, ನೋವಿಲ್ಲವೆಂಬ ಅವರ ಆಧಾರ ಮಾತ್ರ ದುರ್ಬಲವಾದುದು. ಮೃದು ಅಂಗಾಂಶದ ಕ್ಯಾನ್ಸರ್ ಕೂಡ ಆರಂಭದಲ್ಲಿ ಬಹುತೇಕ ನೋವಿಲ್ಲದೆಯೇ ಬೆಳೆಯುತ್ತದೆ.

ಕೊಬ್ಬು, ಮಾಂಸಖಂಡ, ಸ್ನಾಯುರಜ್ಜು, ನರ, ರಕ್ತನಾಳ ಇವೆಲ್ಲವನ್ನೂ ಸೇರಿಸಿ ವೈದ್ಯರು ಮೃದು ಅಂಗಾಂಶವೆಂದು ಕರೆಯುತ್ತಾರೆ. ಇವುಗಳಲ್ಲಿ ಯಾವುದರಿಂದಲೂ ಗಂಟು ಹುಟ್ಟಬಹುದು. ಬೆರಳಿನಡಿ ಮೆತ್ತಗೆ ಜಾರುವ ಕೊಬ್ಬಿನ ಗಂಟು, ಅಂದರೆ ಲೈಪೋಮ, ಎಲ್ಲಕ್ಕಿಂತ ಸಾಮಾನ್ಯ. ಮಣಿಕಟ್ಟಿನ ಮೇಲೆ ಅಂಟುದ್ರವ ತುಂಬಿ ಉಬ್ಬುವುದು ಗ್ಯಾಂಗ್ಲಿಯಾನ್. ಕುತ್ತಿಗೆಯ ಗಂಟು ನಮ್ಮ ದೇಶದಲ್ಲಿ ಅನೇಕ ವೇಳೆ ಕ್ಷಯರೋಗದಿಂದ ಊದಿದ ದುಗ್ಧಗ್ರಂಥಿಯಾಗಿರುತ್ತದೆ. ಅದಕ್ಕೆ ಬೇಕಾದುದು ಶಸ್ತ್ರವಲ್ಲ, ಔಷಧಿ. ಇವುಗಳ ನಡುವೆ ಅಪರೂಪಕ್ಕೆ ಅಡಗಿರುವುದು ಸಾರ್ಕೋಮ. ವಯಸ್ಕರ ಕ್ಯಾನ್ಸರುಗಳಲ್ಲಿ ಅದರ ಪಾಲು ನೂರಕ್ಕೆ ಸುಮಾರು 1. ಆದರೆ ಒಳಬಗೆಗಳು 50ಕ್ಕೂ ಹೆಚ್ಚು.

ಶಂಕಿಸಬೇಕಾದುದು ಯಾವಾಗ? ಗಂಟು 5 ಸೆಂಟಿಮೀಟರಿಗಿಂತ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿಗಿಂತ ಹಿರಿದಾಗಿದ್ದರೆ, ದಿನೇ ದಿನೇ ಬೆಳೆಯುತ್ತಿದ್ದರೆ, ಆಳದ ಮಾಂಸಖಂಡದೊಳಗೆ ಬೇರೂರಿದಂತಿದ್ದರೆ, ನೋಯತೊಡಗಿದರೆ, ಅಥವಾ ಒಮ್ಮೆ ತೆಗೆದದ್ದು ಮರಳಿ ಬಂದರೆ ತಡಮಾಡಬಾರದು. ತೊಡೆಯ ಗಂಟಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ನಾಶಿಕ ಜಿಲ್ಲೆಯ ದಿಂಡೋರಿಯಂತಹ ದ್ರಾಕ್ಷಿ ಬೆಳೆಯುವ ಸೀಮೆಯಲ್ಲಿ ದುಡಿಯುವವರಿಗೆ ಪೆಟ್ಟು ಬೀಳುವುದು ಹೊಸತೇನಲ್ಲ. ಹೀಗಾಗಿ ಗಂಟನ್ನು ಹಳೆಯ ಪೆಟ್ಟಿನ ಲೆಕ್ಕಕ್ಕೆ ಬರೆದು ಶಾಖ, ಲೇಪ, ತಿಕ್ಕುವಿಕೆಗಳಲ್ಲೇ ತಿಂಗಳುಗಳು ಉರುಳುತ್ತವೆ. ಎಷ್ಟೋ ಸಲ ಪೆಟ್ಟು ಬಿದ್ದುದರಿಂದ ಆಗುವುದಿಷ್ಟೇ: ಮೊದಲೇ ಇದ್ದ ಗಂಟಿನತ್ತ ನಮ್ಮ ಗಮನ ಹರಿಯುತ್ತದೆ.

ಪರೀಕ್ಷೆಯ ಮೊದಲ ಮೆಟ್ಟಿಲು ವೈದ್ಯರ ಕೈ, ಎರಡನೆಯದು ಸೋನೋಗ್ರಾಫಿ. ಗಂಟು ದ್ರವದ್ದೋ ಗಟ್ಟಿಯೋ, ಮೇಲಿದೆಯೋ ಆಳದಲ್ಲಿದೆಯೋ ಎಂಬುದನ್ನು ಅದು ಅಗ್ಗವಾಗಿ ಹೇಳಿಬಿಡುತ್ತದೆ. ಸಂಶಯ ಉಳಿದರೆ ಎಂ.ಆರ್.ಐ.; ನರ ಮತ್ತು ರಕ್ತನಾಳಗಳಿಗೆ ಗಂಟು ಎಷ್ಟು ಸಮೀಪವಿದೆಯೆಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅನಂತರ ಬಯಾಪ್ಸಿ. ಸಣ್ಣ ಸೂಜಿಯಿಂದ ಹೀರಿದಾಗ ಬಿಡಿ ಜೀವಕೋಶಗಳಷ್ಟೇ ದೊರಕುತ್ತವೆ. ತುಸು ದಪ್ಪನೆಯ ಸೂಜಿಯ ಬಯಾಪ್ಸಿಯಲ್ಲಿ ಎಳೆಯಂತಹ ಅಂಗಾಂಶದ ತುಣುಕೇ ಸಿಗುವುದರಿಂದ ಸಾರ್ಕೋಮದ ಬಗೆಯನ್ನು ಗುರುತಿಸಲು ಇದೇ ಉತ್ತಮ. ಚುಚ್ಚಿದರೆ ರೋಗ ಹರಡುತ್ತದೆಂಬ ಭಯ ನಮ್ಮಲ್ಲಿ ಬಲವಾಗಿದೆ. ಆ ಅಪಾಯ ಬಹಳ ಅಲ್ಪವಾದುದು. ಅದನ್ನೂ ಗಮನದಲ್ಲಿರಿಸಿಕೊಂಡೇ, ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೊಡನೆ ಸಮಾಲೋಚಿಸಿ ಸೂಜಿಯ ದಾರಿಯನ್ನು ನಿರ್ಧರಿಸುತ್ತಾರೆ.

ನಿಜವಾದ ಅಪಾಯವಿರುವುದು ಇನ್ನೊಂದೆಡೆ. ದೊಡ್ಡದಾದ ಅಥವಾ ಆಳವಾದ ಗಂಟನ್ನು ಪರೀಕ್ಷೆಯಿಲ್ಲದೆ, ಅರ್ಧ ಗಂಟೆಯ ಕೆಲಸವೆಂದು ಕತ್ತರಿಸಿ ತೆಗೆದುಬಿಡುವುದು! ಅದು ಸಾರ್ಕೋಮವಾಗಿದ್ದರೆ ಅನೇಕರಲ್ಲಿ ರೋಗದ ಅಂಶ ಒಳಗೇ ಉಳಿದಿರುತ್ತದೆ. ಆಗ ಮೊದಲಿಗಿಂತ ವಿಸ್ತಾರವಾದ ಎರಡನೆಯ ಶಸ್ತ್ರಚಿಕಿತ್ಸೆ, ಕೆಲವೊಮ್ಮೆ ಚರ್ಮದ ಕಸಿ ಮತ್ತು ವಿಕಿರಣ ಚಿಕಿತ್ಸೆ ಬೇಕಾಗುತ್ತವೆ. ಸಹಿ ತಾಳೆ ನೋಡದೆ ಚೆಕ್ಕಿಗೆ ಹಣ ಕೊಡುವ ಗುಮಾಸ್ತನನ್ನು ಬ್ಯಾಂಕಿನಲ್ಲಿ ಯಾರೂ ಕ್ಷಮಿಸುವುದಿಲ್ಲ. ದೇಹದ ವಿಷಯದಲ್ಲೇಕೋ ನಾವು ಅವಸರವನ್ನೇ ಮೆಚ್ಚುತ್ತೇವೆ. ಸಕಾಲದಲ್ಲಿ ಸರಿಯಾದ ಕ್ರಮದಲ್ಲಿ ನಡೆದರೆ ಇಂದು ಬಹುಪಾಲು ರೋಗಿಗಳ ಕೈಕಾಲುಗಳನ್ನು ಉಳಿಸಿಕೊಂಡೇ ಚಿಕಿತ್ಸೆ ಸಾಧ್ಯ.

ದಿಂಡೋರಿ ಪರಿಸರದವರಿಗೆ ಸೋನೋಗ್ರಾಫಿ, ಎಂ.ಆರ್.ಐ.ಗಳಿಗೆ ನಾಶಿಕ ನಗರ ಹತ್ತಿರ. ಸಾರ್ಕೋಮದ ಸಂದೇಹವಿದ್ದಲ್ಲಿ ಮುಂಬಯಿಯ ಪರೇಲಿನಲ್ಲಿ 1941ರಿಂದ ಸೇವೆ ಸಲ್ಲಿಸುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆಯೋ, ಛತ್ರಪತಿ ಸಂಭಾಜಿನಗರದ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯೋ, ಊರಿನ ಆಸರೆ ಬಯಸುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೋ ಇದೆ. ಅಲ್ಲಿಗೆ ಹೋಗುವವರು ಹಳೆಯ ವರದಿಯ ಹಾಳೆಯೊಂದನ್ನೇ ಹಿಡಿದು ಹೊರಡಬಾರದು. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಬೇಕು, ಏಕೆಂದರೆ ತಜ್ಞರು ಅವುಗಳನ್ನು ಮತ್ತೊಮ್ಮೆ ಸ್ವತಃ ಪರಿಶೀಲಿಸುತ್ತಾರೆ. ಇನ್ನು ಸಾಮಾನ್ಯ ಕೊಬ್ಬಿನ ಗಂಟೆಂದೇ ತೆಗೆಸಿಕೊಂಡವರು, ತೆಗೆದುದನ್ನು ಫಾರ್ಮಲಿನ್‌ನಲ್ಲಿಟ್ಟು ಪರೀಕ್ಷೆಗೆ ಕಳುಹಿಸಲಾಗಿದೆಯೇ ಎಂದು ಅಂದೇ ವಿಚಾರಿಸಿಕೊಳ್ಳಬೇಕು.