ನೆಗಡಿ ಇದ್ದಾಗ ನೇತ್ರಾಣಿಯಲ್ಲಿ ಮುಳುಗಬೇಡಿ

ಕಳೆದ ಚಳಿಗಾಲದ ಒಂದು ಸೋಮವಾರ ಭದ್ರಾವತಿಯ ಯುವಕನೊಬ್ಬ ತಾಯಿಯೊಂದಿಗೆ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದ. ಎಡಗಿವಿಯಲ್ಲಿ ತಡೆಯಲಾರದ ನೋವು, ಗುಂಯ್ ಎನ್ನುವ ಸದ್ದು, ಮಾತು ಸರಿಯಾಗಿ ಕೇಳಿಸದು. "ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟೆ ಡಾಕ್ಟ್ರೇ, ಜಾಸ್ತಿಯೇ ಆಯ್ತು" ಎಂದರು ತಾಯಿ. ಪರೀಕ್ಷಿಸಿದರೆ ಕಿವಿಯ ತಮಟೆಯಲ್ಲಿ ಸಣ್ಣ ರಂಧ್ರ! ಎರಡು ಸಲ ಕೇಳಿದ ಮೇಲೆ ಹುಡುಗ ಬಾಯಿಬಿಟ್ಟ. ಶನಿವಾರ ಗೆಳೆಯರೊಡನೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿದ್ದ. ಆಗ ಮೂಗು ಕಟ್ಟಿತ್ತು. ದುಡ್ಡು ದಂಡವಾದೀತೆಂದು ಆರೋಗ್ಯದ ಫಾರಂನಲ್ಲಿ ನೆಗಡಿಯ ವಿಷಯ ಮುಚ್ಚಿಟ್ಟಿದ್ದ.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ಪುಟ್ಟ ದ್ವೀಪದ ಸುತ್ತ ಹವಳ, ಬಣ್ಣದ ಮೀನುಗಳನ್ನು ನೋಡಲು ನಮ್ಮ ಜಿಲ್ಲೆಯಿಂದಲೂ ಜನ ಹೋಗುತ್ತಾರೆ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನೀರಿನ ಒತ್ತಡಕ್ಕೆ ನಿಮ್ಮ ದೇಹ ಸಿದ್ಧವಾಗಿದೆಯೇ ಎಂಬುದನ್ನು ತಿಳಿದು ಹೋಗಿ.

ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗಿ, ಉಗುಳು ನುಂಗಿದರೆ 'ಟಪ್' ಎಂದು ಬಿಡುವುದು ನಿಮಗೆ ಗೊತ್ತೇ ಇದೆ. ಗಂಟಲಿನಿಂದ ಕಿವಿಯ ಒಳಭಾಗಕ್ಕೆ ಹೋಗುವ ಸಣ್ಣ ನಾಳ ತೆರೆದು, ತಮಟೆಯ ಎರಡೂ ಬದಿಯ ಒತ್ತಡ ಸಮವಾಗುತ್ತದೆ. ಇಡೀ ಘಾಟಿ ಇಳಿದರೆ ಹೆಚ್ಚುವ ಒತ್ತಡ ಸುಮಾರು ಎರಡು ಅಡಿ ನೀರಿಗೆ ಸಮ, ಅಷ್ಟೇ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ನೆಗಡಿಯಿಂದ ನಾಳ ಊದಿಕೊಂಡಿದ್ದರೆ ಗಾಳಿ ಒಳಹೋಗದು. ಮೊದಲ ಕೆಲವು ಅಡಿಗಳಲ್ಲೇ ನೋವು ಶುರುವಾಗುತ್ತದೆ. ಸಹಿಸಿಕೊಂಡು ಇನ್ನೂ ಇಳಿದರೆ ತಮಟೆ ಹರಿಯಬಹುದು. ಒಳಗೆ ತಣ್ಣೀರು ನುಗ್ಗಿ ತಲೆಸುತ್ತು ಬಂದು, ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದಾಗುವುದು ಅದಕ್ಕಿಂತ ಅಪಾಯ.

ಹೊರಡುವ ಮುನ್ನ ಬಾಯಿ ಮುಚ್ಚಿ, ಮೂಗು ಹಿಡಿದು ಮೆಲ್ಲಗೆ ಊದಿ ನೋಡಿ. ಎರಡೂ ಕಿವಿ ಬಿಡದಿದ್ದರೆ ಅಂದು ನೀರಿಗಿಳಿಯಬೇಡಿ. ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಇಳಿಯುವ ಜಾಣತನವೂ ಬೇಡ. ಅದರ ಪ್ರಭಾವ ನೀರಿನಡಿಯಲ್ಲಿ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಬಾಲ್ಯದಲ್ಲಿ ಕಿವಿ ಸೋರುತ್ತಿದ್ದವರು ತಮಟೆ ಮುಚ್ಚಿದೆಯೇ ಎಂದು ಮೊದಲೇ ತೋರಿಸಿಕೊಳ್ಳಿ.

ಬೆನ್ನಿನ ಸಿಲಿಂಡರಿನಲ್ಲಿರುವುದು ಹಲವರು ತಿಳಿದಂತೆ ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. 10 ಮೀಟರ್ ಆಳದಲ್ಲಿ ಉಸಿರಾಡಿದ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿದೀತು. ಇದಕ್ಕೆ ಒಂದೆರಡು ಮೀಟರ್ ಸಾಕು. ಆಸ್ತಮಾ ಇರುವವರಿಗೆ ಈ ಭಯ ಹೆಚ್ಚು. ಆಸ್ತಮಾ, ಹೃದ್ರೋಗ, ಮೂರ್ಛೆರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಹಣ ಕಟ್ಟಬೇಡಿ. ಗರ್ಭಿಣಿಯರಿಗಂತೂ ಡೈವಿಂಗ್ ಬೇಡವೇ ಬೇಡ.

ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಬೇಗನೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳಾದಾವು. ಆದ್ದರಿಂದ ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಮಾತು ನಮಗೂ ಅನ್ವಯಿಸುತ್ತದೆ. ಘಾಟಿಯೂ ಎತ್ತರವೇ! ಕಡಿಮೆ ಆಳದ ಒಂದೇ ಡೈವಿಗೆ ಅಪಾಯ ಅಲ್ಪ. ಆದರೂ ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ ಬೆಳಿಗ್ಗೆ ಘಾಟಿ ಹತ್ತಿದರೆ ನಷ್ಟವೇನು?

ಡೈವಿಂಗ್ ನಂತರ ಎದೆನೋವು, ಉಬ್ಬಸ, ಕೀಲುನೋವು, ಕೈಕಾಲು ಜೋಮು ಕಂಡರೆ ತಡಮಾಡದೆ ಆಮ್ಲಜನಕ ಕೊಡುವ ಆಸ್ಪತ್ರೆಗೆ ಹೋಗಿ, "ಸಮುದ್ರದಲ್ಲಿ ಮುಳುಗಿದ್ದೆ" ಎಂದು ಮೊದಲು ಹೇಳಿ. ನಮ್ಮಂಥ ಘಟ್ಟದ ಮೇಲಿನ ವೈದ್ಯರಿಗೆ ಆ ಪ್ರಶ್ನೆ ಕೇಳಲು ಹೊಳೆಯುವುದಿಲ್ಲ.

ಹುಡುಗನಿಗೆ ಕಿವಿಗೆ ನೀರು, ಎಣ್ಣೆ ಏನೂ ಬೀಳದಂತೆ ನೋಡಿಕೊಳ್ಳಲು ಹೇಳಿ, ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಕಳಿಸಿದೆ. ಇಂಥ ಸಣ್ಣ ರಂಧ್ರಗಳು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇವನದೂ ಮುಚ್ಚಿತು. ಮತ್ತೆ ಹೋಗಬಹುದೇ ಎಂದು ಕೇಳಿದ್ದಾನೆ. ತಜ್ಞರು ಒಪ್ಪಿದರೆ ಹೋಗು, ಫಾರಂ ಮಾತ್ರ ನಿನ್ನ ತಾಯಿಯ ಎದುರಿಗೇ ತುಂಬು ಎಂದಿದ್ದೇನೆ.