ಕರೆಯೋಲೆಗೆ ಮುನ್ನ ನೆರೆಹೊರೆಯ ಮಾತು

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬುದು ನಮ್ಮ ಹಿರಿಯರ ಮಾತು. ಪವಾಯಿಯ ಮಟ್ಟಿಗೆ ಇದು ಅಕ್ಷರಶಃ ಸತ್ಯ. ಉಡುಪಿಯ ಕಡೆಯಿಂದ ಬಂದ ಹೋಟೆಲ್ ಕಾರ್ಮಿಕನಾಗಲಿ, ರತ್ನಾಗಿರಿಯಿಂದ ಬಂದ ಕಾರಖಾನೆಯ ಕೆಲಸಗಾರನಾಗಲಿ, ಹಬ್ಬದ ಕೊನೆಯ ದಿನ ದೇವರನ್ನು ಹೊತ್ತು ಬಂದು ಸೇರುವುದು ಅದೊಂದೇ ಕೆರೆಯ ಬಳಿಯ ಗಣೇಶ ಘಾಟಿಗೆ. ದೇವರನ್ನು ಕಳುಹಿಸಿಕೊಡುವಾಗ ಒಂದೇ ದಾರಿಯಲ್ಲಿ ನಡೆಯುವ ನಾವು, ಹಬ್ಬವನ್ನು ಗೊತ್ತುಮಾಡುವಾಗ ಮಾತ್ರ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಇದು ವಿಚಾರಿಸತಕ್ಕ ವಿಷಯವಾಗಿದೆ.

ಪವಾಯಿಯ ಕೆರೆಯು ನಿರ್ಮಾಣವಾದುದು 1890ರ ಸುಮಾರಿಗೆ. ಅದಕ್ಕೆ ತಗಲಿದ ವೆಚ್ಚ 12.59 ಲಕ್ಷ ರೂಪಾಯಿ. ಅದು ತುಂಬಿದಾಗ ಹಿಡಿಯುವ ನೀರು ಸುಮಾರು 545 ಕೋಟಿ ಲೀಟರು. ಈ ನೀರು ಕುಡಿಯಲು ಯೋಗ್ಯವಲ್ಲ. ಆರೆ ಹಾಲಿನ ಕಾಲೊನಿಗೂ ಕೈಗಾರಿಕೆಗಳಿಗೂ ಉಪಯೋಗವಾಗುತ್ತ ಬಂದಿದೆ. ಅದರಲ್ಲಿ ಮೊಸಳೆಗಳೂ ಇವೆ. ಕೆರೆಯ ಸುತ್ತಮುತ್ತ ಪಾಸ್‌ಪೋಲಿ, ತಿರಂದಾಜ್, ತುಂಗ್ವಾ ಮೊದಲಾದ ಹಳೆಯ ಹಳ್ಳಿಗಳವರಿದ್ದರು. ತರುವಾಯ 1958ರಲ್ಲಿ ಸ್ಥಾಪನೆಯಾದ ಐ.ಐ.ಟಿ.ಯು ಇದರ ದಡದಲ್ಲಿ ನೆಲೆಯೂರಿತು. ಆ ಮೇಲೆ ಗಗನಚುಂಬಿ ಸೌಧಗಳೂ, ಆಸ್ಪತ್ರೆಯೂ, ಅವುಗಳ ನೆರಳಿನಲ್ಲಿ ಗುಡಿಸಲುಗಳ ಸಾಲೂ ಬಂದವು. ಇಷ್ಟು ಮಂದಿ ಬಾಧ್ಯಸ್ಥರಿರುವ ಸ್ಥಳದಲ್ಲಿ ಯಾವ ಸಂಘವಾದರೂ ‘ಇದು ನಮ್ಮ ಹಬ್ಬ’ ಎಂದು ಒಂಟಿಯಾಗಿ ಹೇಳಿಕೊಳ್ಳುವುದು ಸಾಧ್ಯವೇ?

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮವನ್ನು ನೋಡೋಣ. ಮೊದಲು ನಾಲ್ಕಾರು ಮುಖಂಡರು ಕುಳಿತು ದಿನವನ್ನು ಗೊತ್ತುಮಾಡುತ್ತಾರೆ. ಅನಂತರ ಭಾಗವತರು, ಅತಿಥಿಗಳು, ಮಂಟಪ, ಧ್ವನಿವರ್ಧಕ. ಬಳಿಕ ಕರೆಯೋಲೆ ಅಚ್ಚಾಗುತ್ತದೆ, ವಂತಿಗೆಯ ಪುಸ್ತಕ ಹೊರಡುತ್ತದೆ. ಕಟ್ಟಕಡೆಗೆ ಪೋಲೀಸ್ ಠಾಣೆಯ ಅನುಮತಿ ಮತ್ತು ನೆರೆಮನೆಗೆ ಒಂದು ಕರೆಯೋಲೆ. ಅಷ್ಟರಲ್ಲಿ ಮಾಡಬೇಕಾದ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ನೆರೆಯವನಿಗೆ ಉಳಿಯುವುದು ಸಹಿಸುವ ಕೆಲಸ ಅಥವಾ ದೂರು ಕೊಡುವ ಕೆಲಸ. ಕೇಳದೆ ಕಟ್ಟಿದ ಮಂಟಪಕ್ಕೆ ವಿರೋಧ ಬಂದರೆ ನಾವು ‘ಪರಭಾಷಿಕರೆಂದು ನಮ್ಮ ಮೇಲೆ ದ್ವೇಷ’ ಎನ್ನುತ್ತೇವೆ. ಎಷ್ಟೋ ವೇಳೆ ಅಲ್ಲಿರುವುದು ದ್ವೇಷವಲ್ಲ, ನಿದ್ದೆಗೆಟ್ಟವನ ಬೇಸರ ಮಾತ್ರ.

ದೊಡ್ಡವರಿಗೂ ಈ ಪಾಠ ತಪ್ಪಿದ್ದಲ್ಲ. ಇದೇ ಕೆರೆಯ ಸುತ್ತ ಮಹಾನಗರಪಾಲಿಕೆಯು ಸೈಕಲ್ ಮಾರ್ಗವೊಂದನ್ನು ನಿರ್ಮಿಸಹೊರಟಿತ್ತು. ಹೊರನೋಟಕ್ಕೆ ಒಳ್ಳೆಯ ಯೋಜನೆಯೇ. ಆದರೆ ಕೆರೆಯ ದಡದಲ್ಲಿಯೇ ಅಧ್ಯಯನ ನಡೆಸುತ್ತಿದ್ದ ಐ.ಐ.ಟಿ.ಯ ಸಂಶೋಧನಾ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಲೇರಿದರು. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯವು ಈ ಕಾಮಗಾರಿ ಕಾನೂನಿಗೆ ವಿರುದ್ಧವೆಂದು ಸಾರಿ, ಕಟ್ಟಿದುದನ್ನು ತೆಗೆದು ನೆಲವನ್ನು ಮೊದಲಿನಂತೆ ಮಾಡಿಕೊಡಲು ಆಜ್ಞಾಪಿಸಿತು. ಅಷ್ಟು ಬಲವುಳ್ಳ ಪಾಲಿಕೆಗೇ ಕಟ್ಟಿದುದನ್ನು ಕೀಳುವ ಪ್ರಸಂಗ ಬಂದ ಮೇಲೆ, ವಂತಿಗೆಯಿಂದ ನಡೆಯುವ ಸಂಘಗಳು ಎಷ್ಟು ಎಚ್ಚರದಿಂದಿರಬೇಕು!

ಹಾಗಾದರೆ ಯಾರನ್ನು ಕೇಳಬೇಕು? ಎಲ್ಲರಿಗಿಂತ ಮೊದಲು ನಮ್ಮವರನ್ನೇ. ವಂತಿಗೆಯ ಪುಸ್ತಕ ಹೋಟೆಲಿನ ಅಡಿಗೆಮನೆಯವರೆಗೂ ಹೋಗುತ್ತದೆ. ಸಭೆಯ ಕರೆ ಅಲ್ಲಿಗೆ ಹೋಗುವುದಿಲ್ಲ. ಹಬ್ಬದ ದಿನವೇ ಹೋಟೆಲಿಗೆ ಗಿರಾಕಿಗಳು ಹೆಚ್ಚು. ಸಂಜೆ ಆರಕ್ಕೆ ಆರಂಭವಾಗಿ ಹತ್ತಕ್ಕೆ ಮುಗಿಯುವ ಯಕ್ಷಗಾನವನ್ನು ಹನ್ನೊಂದಕ್ಕೆ ಕೆಲಸ ಬಿಡುವ ಮಾಣಿ ನೋಡುವುದೆಂತು? ತನ್ನ ಹಣದಿಂದ ನಡೆದ ಆಟದ ಚೆಂಡೆಯ ಸದ್ದನ್ನಷ್ಟೇ ಅವನು ದೂರದಿಂದ ಕೇಳುತ್ತಾನೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಹೊರಡುವ ಮೊದಲು ಎರಡು ಗಂಟೆಯ ಬಿಡುವಿರುತ್ತದೆ. ಸಭೆಯನ್ನು ಆ ಹೊತ್ತಿಗೆ ಕರೆದರೆ ಅವನೂ ಬಂದಾನು. ತಾಳಮದ್ದಳೆಯನ್ನು ಆ ಹೊತ್ತಿಗೆ ಇಡಿರೆಂದು ಅವನೇ ಸೂಚಿಸಿಯಾನು.

‘ಊರಿನಲ್ಲಿದ್ದಂತೆ ಇಡೀ ರಾತ್ರಿ ಆಡಿಸೋಣ’ ಎಂಬ ಮಾತಿಗೆ ಕಾನೂನು ಅಡ್ಡ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ ಹೆಚ್ಚೆಂದರೆ 15 ದಿನಗಳ ಮಟ್ಟಿಗೆ ಸರಕಾರವು ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ ಮತ್ತು ಶಾಲೆಗಳ ಸುತ್ತಣ ನೂರು ಮೀಟರಿನೊಳಗಣ ಸ್ಥಳವನ್ನು ನಿಶ್ಶಬ್ದ ವಲಯವೆಂದು ಸಾರಬಹುದು. ಮುಚ್ಚಿದ ಸಭಾಗೃಹದೊಳಗೆ ಮಾತ್ರ ರಾತ್ರಿಯ ನಿಷೇಧ ಅನ್ವಯಿಸದು. ಇದನ್ನು ಕರೆಯೋಲೆ ಅಚ್ಚಾಗುವ ಮೊದಲೇ ಠಾಣೆಯಲ್ಲಿ ಕೇಳಿ ತಿಳಿದುಕೊಂಡರೆ, ಪ್ರಸಂಗದ ನಡುವೆ ವಿದ್ಯುತ್ತಿನ ತಂತಿಯನ್ನು ಕಿತ್ತುಹಾಕಿಸಿಕೊಳ್ಳುವ ಅವಮಾನ ತಪ್ಪುತ್ತದೆ.

ತರುವಾಯ ನೆರೆಯ ಮಂಡಳಿಗಳು. ನವರಾತ್ರಿಯಲ್ಲಿ ನಾವು ಶಾರದೆಯನ್ನು ಕೂಡಿಸುವಾಗ ವಂಗೀಯರು ದುರ್ಗೆಯನ್ನು ಕೂಡಿಸುತ್ತಾರೆ, ಗುಜರಾತಿಗಳು ಗರಬಾ ಆಡುತ್ತಾರೆ. ರಸ್ತೆ ಒಂದೇ, ಠಾಣೆ ಒಂದೇ. ಮೆರವಣಿಗೆಯ ವೇಳೆಯನ್ನು ಮೊದಲೇ ಹಂಚಿಕೊಂಡರೆ ಮೂವರಿಗೂ ದಾರಿಯುಂಟು. ವಿಗ್ರಹದ ವಿಚಾರವೂ ಹೀಗೆಯೇ. ಆರು ಅಡಿಯವರೆಗಿನ ಪ್ಲಾಸ್ಟರ್ ವಿಗ್ರಹಗಳನ್ನು ಕೃತಕ ಕೊಳಗಳಲ್ಲಿಯೇ ವಿಸರ್ಜಿಸಬೇಕೆಂದು ಉಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ವಿಧಿಸಿತು. ಆ ವರ್ಷ ಪಾಲಿಕೆಯು ನಗರದಲ್ಲಿ ಇನ್ನೂರಕ್ಕೂ ಮಿಕ್ಕು ಇಂತಹ ಕೊಳಗಳನ್ನು ಏರ್ಪಡಿಸಿತ್ತು. ಕರಾವಳಿಯಲ್ಲಿ ಮಣ್ಣಿನ ಗಣಪತಿಯನ್ನು ಮಾಡಿಸಿ ಕೆರೆಯಲ್ಲಿ ಬಿಡುವ ರೂಢಿಯವರಾದ ನಮಗೆ ಇದು ಹೊಸ ಪಾಠವೇನಲ್ಲ. ಈ ರೂಢಿಯನ್ನು ನೆರೆಯವರೊಡನೆ ಕುಳಿತು ಹೇಳಿಕೊಳ್ಳುವ ಸಂದರ್ಭ ಮಾತ್ರ ಬೇಕು. ಭಾಂಡುಪಿನ ‘ಎಸ್’ ವಿಭಾಗ ಕಚೇರಿಯ ಅಧಿಕಾರಿಗಳನ್ನು ಕಾಣುವಾಗ, ಮರುದಿನ ಬೆಳಿಗ್ಗೆ ಹೂವು ಬಾಳೆಎಲೆಗಳನ್ನು ಬಳಿದು ಒಯ್ಯುವ ಸಫಾಯಿ ಕಾರ್ಮಿಕರನ್ನೂ ಒಂದು ಮಾತು ಕೇಳುವುದು ಉಚಿತ. ಹಬ್ಬದ ಕೊನೆಯ ಕೆಲಸ ಅವರದೇ.

ಮುಂಬಯಿಯ ಸಾರ್ವಜನಿಕ ಗಣೇಶೋತ್ಸವವು 1893ರಲ್ಲಿ ಗಿರಗಾಂವದ ಕೇಶವಜಿ ನಾಯಕ ಚಾಳಿನಲ್ಲಿ ಆರಂಭವಾಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಚಾಳೆಂದರೆ ಒಂದೇ ಪಡಸಾಲೆ, ಒಂದೇ ನಲ್ಲಿ. ನೆರೆಯವನನ್ನು ಕೇಳದೆ ಅಲ್ಲಿ ಒಂದು ಹಣತೆಯನ್ನೂ ಇಡಲಾಗದು. ಮನೆಯ ದೇವರು ಊರಿನ ದೇವರಾದುದು ಆ ಇಕ್ಕಟ್ಟಿನಲ್ಲಿಯೇ. ಇಂದು ಚಾಳುಗಳ ಬದಲು ಸೌಧಗಳೆದ್ದಿವೆ, ಪಡಸಾಲೆಯ ಮಾತು ನಿಂತಿದೆ. ಆ ಪಡಸಾಲೆಯನ್ನು ಸಭೆಯ ರೂಪದಲ್ಲಿ ಮರಳಿ ಕಟ್ಟುವುದು ನಮ್ಮ ಕೈಯಲ್ಲಿದೆ.

ಆದುದರಿಂದ ಪವಾಯಿಯ ಮತ್ತು ಉಪನಗರಗಳ ನಮ್ಮ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಹಬ್ಬಕ್ಕೆ ಮೂರು ತಿಂಗಳು ಮುಂಚಿತವಾಗಿ, ದಿನ ಗೊತ್ತಾಗುವ ಮೊದಲು, ಒಂದು ಜಮಖಾನೆ ಹಾಸಿ ಕಾರ್ಮಿಕರು, ಗುಮಾಸ್ತರು, ಹೆಂಗಸರು, ನೆರೆಯ ಮಂಡಳಿಯವರು ಇವರನ್ನೆಲ್ಲ ಕರೆಯಿರಿ. ಅವರು ಬೇಡವೆಂದುದನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿರಿ. ಹಬ್ಬ ಮುಗಿದ ಮೇಲೆ ಅದೇ ಜಮಖಾನೆಯ ಮೇಲೆ ಲೆಕ್ಕವನ್ನು ಓದಿ ಹೇಳಿರಿ. ಹತ್ತು ರೂಪಾಯಿ ಕೊಟ್ಟವನಿಗೆ ಹತ್ತು ಮಾತಿನ ಹಕ್ಕು ಇಲ್ಲದಿರಬಹುದು. ಒಂದು ಮಾತಿನ ಹಕ್ಕಾದರೂ ಇದ್ದೇ ಇದೆ.